ಮೈಕ್ ಸೆಟ್‌ನವರ ಮೈಕನ್ನು ಹ್ಯಾಮ್ ರೇಡಿಯೊಗೆ ಜೋಡಿಸುವುದು: ಪಿನ್ನಿನಿಂದ ಪಿನ್ನಿಗೆ

ತೀರ್ಥಹಳ್ಳಿ, ಸಾಗರ, ಹೊಸನಗರ, ಎಲ್ಲಿ ಬೇಕಾದರೂ ನೋಡಿ, ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಗಟ್ಟಿಮುಟ್ಟಾದ ಡೈನಾಮಿಕ್ ಮೈಕ್ ಇದ್ದೇ ಇರುತ್ತದೆ. ಅಹುಜಾ ಇರಬಹುದು, ಶ್ಯೂರ್ ಎಸ್‌ಎಂ58 ಇರಬಹುದು. ಯಕ್ಷಗಾನದ ಭಾಗವತಿಕೆಗೂ ಭಜನೆಗೂ ವರ್ಷಗಟ್ಟಲೆ ದುಡಿದರೂ ಕೆಡದ ಈ ಮೈಕ್ ಹ್ಯಾಮ್ ರೇಡಿಯೊಗೂ (ಹವ್ಯಾಸಿಗಳು ಪರಸ್ಪರ ಮಾತಾಡುವ ರೇಡಿಯೊ) ಚೆನ್ನಾಗಿ ಒಗ್ಗುತ್ತದೆ. ರೇಡಿಯೊದ ಜೊತೆ ಬರುವ ಕೈ ಮೈಕಿಗಿಂತ ಇದರ ಧ್ವನಿ ತುಂಬಿಕೊಂಡಿರುತ್ತದೆ, ಸುತ್ತಲಿನ ಗದ್ದಲವನ್ನೂ ಕಡಿಮೆ ಹಿಡಿಯುತ್ತದೆ.

ಆದರೂ ಜೋಡಿಸಿದ ಹಲವರಿಗೆ ಗುಂಯ್‌ಗುಡುವ ಸದ್ದೋ, ಪವರ್ ಏರಿಸಿದೊಡನೆ ಹರಿದುಹೋಗುವ ಧ್ವನಿಯೋ ಗಂಟುಬೀಳುತ್ತದೆ. ಆಗ ಮೈಕನ್ನೇ ಬದಲಿಸಲು ಹೋಗುತ್ತಾರೆ. ತಪ್ಪು ಹೆಚ್ಚಿನ ಸಲ ಮೈಕಿನದಲ್ಲ, ತಂತಿಯದು. ಧ್ವನಿ ಹಿಂತಿರುಗುವ ತಂತಿಯೇ ಬೇರೆ, ಹೊರಗಿನ ಕಸವನ್ನು ತಡೆಯುವ ಶೀಲ್ಡ್ ಜಾಲರಿಯೇ ಬೇರೆ. ಇವೆರಡನ್ನೂ ಒಂದೇ ಕಡೆ ತಿರುಚಿ ಸೋಲ್ಡರ್ ಮಾಡಿದಲ್ಲಿ ತೊಂದರೆ ಹುಟ್ಟುತ್ತದೆ. ಕೆಳಗಿನ ಕೆಲಸವೆಲ್ಲ ಇವೆರಡನ್ನು ಕೊನೆಯವರೆಗೂ ದೂರ ಇಡುವುದಕ್ಕಾಗಿಯೇ.

ಮೈಕಿನ ಮೂರು ಪಿನ್, ರೇಡಿಯೊದ ಎಂಟು ಪಿನ್

ಮೈಕಿನ ಬುಡದಲ್ಲಿರುವ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಸಾಕೆಟ್ಟನ್ನು ಅಂಗಡಿಯಲ್ಲಿ ಕ್ಯಾನನ್ ಎಂದರೆ ಸಾಕು, ಕೊಡುತ್ತಾರೆ. 1ನೇ ಪಿನ್ ಶೀಲ್ಡ್, 2ನೆಯದು ಧ್ವನಿಯ ಧನ ತುದಿ, 3ನೆಯದು ಋಣ ತುದಿ. ಪ್ರತಿ ಪಿನ್ನಿನ ಪಕ್ಕದಲ್ಲೂ ಸಣ್ಣ ಅಂಕಿ ಕೊರೆದಿರುತ್ತದೆ, ಬ್ಯಾಟರಿ ಬೆಳಕಿನಲ್ಲಿ ನೋಡಿ. 2 ಮತ್ತು 3 ಅದಲು ಬದಲಾದರೆ ಎಸ್‌ಎಸ್‌ಬಿಯಲ್ಲಿ (ಹ್ಯಾಮ್‌ಗಳು ದೂರದ ಮಾತಿಗೆ ಬಳಸುವ ಪ್ರಸಾರ ವಿಧಾನ) ಏನೂ ಗೊತ್ತಾಗುವುದಿಲ್ಲ. 1 ಮತ್ತು 3 ಸೇರಿಕೊಂಡರೆ ಮಾತ್ರ ಮೇಲೆ ಹೇಳಿದ ಕಾಟ ಶುರು.

ರೇಡಿಯೊ ಕಡೆಯ ದುಂಡನೆಯ ಎಂಟು ಪಿನ್ನಿನ ಸಾಕೆಟ್ ಎಲ್ಲ ಕಂಪನಿಯದೂ ನೋಡಲು ಒಂದೇ ಥರ. ಒಳಗಿನ ಸಂಪರ್ಕ ಮಾತ್ರ ಒಂದೊಂದರದು ಒಂದೊಂದು. ಕೆಳಗೆ ಪಿಟಿಟಿ ಎಂದಿರುವುದು ಒತ್ತಿದಾಗ ರೇಡಿಯೊವನ್ನು ಟ್ರಾನ್ಸ್‌ಮಿಟ್‌ಗೆ ಹಾಕುವ ಸ್ವಿಚ್ಚಿನ ಸಂಪರ್ಕ.

ಐಕಾಮ್‌: 1 ಮೈಕ್, 7 ಮೈಕ್ ಗ್ರೌಂಡ್, 5 ಪಿಟಿಟಿ, 6 ಪಿಟಿಟಿ ಗ್ರೌಂಡ್, 2ರಲ್ಲಿ 8 ವೋಲ್ಟ್.
ಕೆನ್‌ವುಡ್‌: 1 ಮೈಕ್, 7 ಮೈಕ್ ಗ್ರೌಂಡ್, 2 ಪಿಟಿಟಿ, 8 ಗ್ರೌಂಡ್, 5ರಲ್ಲಿ 8 ವೋಲ್ಟ್.
ಯೇಸು: 8 ಮೈಕ್, 7 ಮೈಕ್ ಗ್ರೌಂಡ್, 6 ಪಿಟಿಟಿ, 5 ಗ್ರೌಂಡ್, 2ರಲ್ಲಿ 5 ವೋಲ್ಟ್.

ಐಕಾಮ್‌ನಲ್ಲಿ ಪಿಟಿಟಿ ಇರುವ 5ನೇ ಪಿನ್ನಿನಲ್ಲೇ ಕೆನ್‌ವುಡ್ 8 ವೋಲ್ಟ್ ಇಟ್ಟಿದೆ. ಗೆಳೆಯರ ರೇಡಿಯೊಗೆ ಮಾಡಿದ ಪ್ಲಗ್ಗನ್ನು ನಿಮ್ಮದಕ್ಕೆ ಚುಚ್ಚುವ ಮುಂಚೆ ಇದನ್ನು ನೆನಪಿಡಿ. ನಿಮ್ಮ ಮಾದರಿಯ ಕೈಪಿಡಿಯ ಚಿತ್ರವೇ ಕೊನೆಯ ಮಾತು. ದುಂಡು ಸಾಕೆಟ್ ಬದಲು ಲ್ಯಾನ್ ಪಿನ್ನಿನಂಥ ಸಾಕೆಟ್ ಇರುವ ರೇಡಿಯೊಗಳಿಗಂತೂ ಕೈಪಿಡಿ ನೋಡದೆ ಕೈ ಹಾಕಬೇಡಿ.

ಚಿತ್ರ ನೋಡುವಾಗ ಬಹಳ ಮಂದಿ ಎಡವುವ ಜಾಗ ಒಂದಿದೆ. ಕೈಪಿಡಿಯಲ್ಲಿರುವುದು ರೇಡಿಯೊದ ಮುಂದೆ ನಿಂತು ನೋಡಿದ ಸಾಕೆಟ್. ಪ್ಲಗ್ಗಿನ ಹಿಂಬದಿಯನ್ನು, ಅಂದರೆ ಸೋಲ್ಡರ್ ಮಾಡುವ ಕಡೆಯನ್ನು ನೋಡಿದಾಗಲೂ ಪಿನ್ನುಗಳ ಸಾಲು ಅದೇ ಕ್ರಮದಲ್ಲಿರುತ್ತದೆ. ಪ್ಲಗ್ಗಿನ ಮುಂಬದಿ ನೋಡಿದರೆ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ.

ಬೇಕಾದ ಸಾಮಾನು

ಎಂಟು ಪಿನ್ನಿನ ಪ್ಲಗ್ಗಿನ ಹಿಂದಿನ ತೂತು ಸಣ್ಣದು. ದಪ್ಪ ಮೈಕ್ ಕೇಬಲ್ಲಿನ ಜೊತೆ ಪಿಟಿಟಿ ತಂತಿ, ಕೆಪಾಸಿಟರ್ ಎಲ್ಲವನ್ನೂ ಅದರೊಳಗೆ ತುರುಕಲು ಆಗುವುದಿಲ್ಲ. ಹಾಗಾಗಿ ನಡುವೆ ಒಂದು ಪುಟ್ಟ ಲೋಹದ ಪೆಟ್ಟಿಗೆ ಇಡುವುದೇ ಸರಿಯಾದ ದಾರಿ. ಪೆಟ್ಟಿಗೆಯಿಂದ ರೇಡಿಯೊಗೆ 40 ಸೆಂಟಿಮೀಟರ್ ಕೇಬಲ್. ಪೆಟ್ಟಿಗೆಯಿಂದ ಮೈಕಿಗೆ ಸೌಂಡ್ ಅಂಗಡಿಯ ಸಾಮಾನ್ಯ ಕ್ಯಾನನ್ ಕೇಬಲ್. ಮುಂದೆ ರೇಡಿಯೊ ಬದಲಾದರೆ ಈ ತುಂಡು ಕೇಬಲ್ಲೊಂದನ್ನು ಹೊಸದಾಗಿ ಮಾಡಿದರೆ ಮುಗಿಯಿತು.

ಅಂಗೈಯಗಲದ ಅಲ್ಯೂಮಿನಿಯಂ ಪೆಟ್ಟಿಗೆ ಒಂದು. ಅದಕ್ಕೆ ಕೂರಿಸುವ ಹೆಣ್ಣು ಕ್ಯಾನನ್ ಸಾಕೆಟ್ ಒಂದು. ಪಿಟಿಟಿಗೆಂದು ಕಾಲಲ್ಲಿ ತುಳಿಯುವ ಫುಟ್ ಸ್ವಿಚ್ಚಿಗೆ ಪಿ-38 (ಕಾಲಿಂಚಿನ ಜ್ಯಾಕ್) ಸಾಕೆಟ್ ಒಂದು, ಇದು ಪ್ಲಾಸ್ಟಿಕ್ ಮೈಯದಾಗಿರಲಿ. ಎಂಟು ಪಿನ್ನಿನ ಪ್ಲಗ್ ಒಂದು; ಆದರೆ ರೇಡಿಯೊಗೆ ಹಾಕಿ ನೋಡಿ, ಅದರ ತಿರುಪು ಸರಿಯಾಗಿ ಕೂತರೆ ಮಾತ್ರ ಕೊಳ್ಳಿ. ಒಳಗೆ ಐದು ತಂತಿಗಳಿರುವ ಶೀಲ್ಡ್ ಕೇಬಲ್ ಅರ್ಧ ಮೀಟರ್. ಎರಡೂ ತುದಿಗೆ ಕ್ಯಾನನ್ ಇರುವ, ಒಳಗೆ ಎರಡು ತಂತಿ ಮತ್ತು ಜಾಲರಿ ಇರುವ ಮೈಕ್ ಕೇಬಲ್ 2ರಿಂದ 3 ಮೀಟರ್. 1 ಮೈಕ್ರೊಫ್ಯಾರಡ್‌ನ ಪಾಲಿಯೆಸ್ಟರ್ ಕೆಪಾಸಿಟರ್ ಒಂದು, 1 ನ್ಯಾನೊಫ್ಯಾರಡ್‌ನ ಸೆರಾಮಿಕ್ ಕೆಪಾಸಿಟರ್ ಎರಡು (ಮೇಲೆ 102 ಎಂದಿರುತ್ತದೆ). ಹೀಟ್ ಶ್ರಿಂಕ್ ಟ್ಯೂಬ್, 25 ವ್ಯಾಟ್‌ನ ಸೋಲ್ಡರಿಂಗ್ ಐರನ್, 60/40 ಸೀಸ, ಮಲ್ಟಿಮೀಟರ್.

ಮೈಕಿನ ಜೊತೆ ಬರುವ ಕ್ಯಾನನ್–ಪಿ-38 ಕೇಬಲ್ಲನ್ನು ಈ ಕೆಲಸಕ್ಕೆ ಬಳಸಬೇಡಿ. ಅದರ ಪಿ-38 ತುದಿಯಲ್ಲಿ ಸಾಮಾನ್ಯವಾಗಿ 1 ಮತ್ತು 3 ಒಂದಾಗಿರುತ್ತವೆ; ಎಷ್ಟೋ ಕೇಬಲ್‌ಗಳಲ್ಲಿ ಒಳಗಿರುವುದು ಒಂದೇ ತಂತಿ, ಜಾಲರಿಯೇ ಧ್ವನಿಯ ಹಿಂದಾರಿ. ಆ್ಯಂಪ್ಲಿಫೈಯರಿಗೆ ನಡೆದೀತು. ಆಂಟೆನಾ ಹತ್ತು ಮಾರು ದೂರದಲ್ಲಿರುವ ಕೋಣೆಯಲ್ಲಿ ಜಾಲರಿಯ ಮೇಲೆ ಹರಿಯುವ ರೇಡಿಯೊ ಪ್ರವಾಹ ನೇರ ಧ್ವನಿಯೊಳಕ್ಕೆ ಬರುತ್ತದೆ.

ಹೊಲಿಗೆ ಮೆಷಿನ್ನಿನ ಪೆಡಲ್ ಫುಟ್ ಸ್ವಿಚ್ ಆಗುವುದಿಲ್ಲ. ಅದರೊಳಗಿರುವುದು ವೇಗ ಏರಿಳಿಸುವ ರೆಸಿಸ್ಟರ್ ಅಥವಾ ಸರ್ಕ್ಯೂಟ್. ಒತ್ತಿದಾಗ ಕೂಡುವ, ಬಿಟ್ಟಾಗ ಬಿಡುವ ಸಾದಾ ಸ್ವಿಚ್ ಬೇಕು. ಮೈಕಿನ ಮೈಮೇಲಿನ ಸ್ವಿಚ್ಚೂ ಪಿಟಿಟಿ ಅಲ್ಲ. ಅದು ಧ್ವನಿಯನ್ನಷ್ಟೇ ಮುಚ್ಚುತ್ತದೆ. ಅದನ್ನು ಯಾವಾಗಲೂ ಆನ್‌ನಲ್ಲಿಟ್ಟು ಟೇಪ್ ಸುತ್ತಿಬಿಡಿ.

ಜೋಡಿಸುವ ಕ್ರಮ

ಮೊದಲು ರೇಡಿಯೊದ ಮೈಕ್ ಪಿನ್ನಿನಲ್ಲಿ ಡಿಸಿ ಇದೆಯೇ ನೋಡಿ. ಐಕಾಮ್‌ನ ಜೊತೆ ಬರುವ ಕೈ ಮೈಕ್ ಎಲೆಕ್ಟ್ರೆಟ್ ಜಾತಿಯದು. ಅದಕ್ಕೆ ಬೇಕಾದ ವೋಲ್ಟೇಜನ್ನು ರೇಡಿಯೊ 1ನೇ ಪಿನ್ನಿನಲ್ಲೇ ಕಳಿಸುತ್ತದೆ. ಡೈನಾಮಿಕ್ ಮೈಕಿನ ಸುರುಳಿಗೆ ಈ ಡಿಸಿ ತಾಗಬಾರದು. ಸುರುಳಿ ಒಂದು ಕಡೆಗೆ ಎಳೆದುಕೊಂಡು ಧ್ವನಿ ಒಡೆಯುತ್ತದೆ. 1 ಮೈಕ್ರೊಫ್ಯಾರಡ್ ಕೆಪಾಸಿಟರ್ ಇರುವುದು ಇದಕ್ಕಾಗಿ. ಕೆನ್‌ವುಡ್, ಯೇಸುಗಳಲ್ಲಿ ಡಿಸಿ ಕಾಣದಿದ್ದರೂ ಕೆಪಾಸಿಟರ್ ಹಾಕಿ, ನಷ್ಟವೇನಿಲ್ಲ.

ಪೆಟ್ಟಿಗೆಗೆ ತೂತು ಕೊರೆದು ಸಾಕೆಟ್‌ಗಳನ್ನು ಕೂರಿಸಿ. ಕ್ಯಾನನ್ ಸಾಕೆಟ್ಟಿನ 1ನೇ ಪಿನ್ನಿನಿಂದ ಪೆಟ್ಟಿಗೆಯ ಲೋಹಕ್ಕೆ ಸಾಧ್ಯವಾದಷ್ಟು ಮೋಟು ತಂತಿ ಎಳೆಯಿರಿ. ಸಾಕೆಟ್ಟಿನ ಸ್ಕ್ರೂ ಕೆಳಗೇ ಟ್ಯಾಗ್ ಸಿಕ್ಕಿಸಿದರೆ ಒಳ್ಳೆಯದು. ಪೆಟ್ಟಿಗೆಗೆ ಬಣ್ಣವಿದ್ದರೆ ಆ ಜಾಗದಲ್ಲಿ ಕೆರೆದು ಲೋಹ ಕಾಣುವಂತೆ ಮಾಡಿ. 1ನೇ ಪಿನ್ನಿನ ಕಥೆ ಇಲ್ಲಿಗೇ ಮುಗಿಯಬೇಕು, ಬೇರೆಲ್ಲಿಗೂ ಅದರಿಂದ ತಂತಿ ಹೋಗಬಾರದು.

2ನೇ ಪಿನ್ನಿನಿಂದ 1 ಮೈಕ್ರೊಫ್ಯಾರಡ್ ಕೆಪಾಸಿಟರ್ ಮೂಲಕ ತುಂಡು ಕೇಬಲ್ಲಿನ ಒಂದು ತಂತಿಗೆ. ಅದು ರೇಡಿಯೊದ ಮೈಕ್ ಪಿನ್ನಿಗೆ ಹೋಗುತ್ತದೆ. 3ನೇ ಪಿನ್ನಿನಿಂದ ಇನ್ನೊಂದು ತಂತಿ ನೇರ ಮೈಕ್ ಗ್ರೌಂಡಿಗೆ. ಪಿ-38 ಸಾಕೆಟ್ಟಿನ ಎರಡು ಕಾಲುಗಳಿಂದ ಎರಡು ತಂತಿ ಪಿಟಿಟಿಗೂ ಪಿಟಿಟಿ ಗ್ರೌಂಡಿಗೂ. ಐದನೆಯ ತಂತಿ 8 ವೋಲ್ಟಿಗೆ ಮೀಸಲು; ಈಗ ಬೇಡದಿದ್ದರೆ ಎರಡೂ ತುದಿಗೆ ಟ್ಯೂಬ್ ಹಾಕಿ ಮುಚ್ಚಿಡಿ, ಪ್ಲಗ್ಗಿನ ಕಡೆ ಸೋಲ್ಡರ್ ಮಾಡಬೇಡಿ. ತುಂಡು ಕೇಬಲ್ಲಿನ ಜಾಲರಿ ಒಂದು ಕಡೆ ಪೆಟ್ಟಿಗೆಯ ಲೋಹಕ್ಕೆ, ಇನ್ನೊಂದು ಕಡೆ ಪ್ಲಗ್ಗಿನ ಲೋಹದ ಕವಚಕ್ಕೆ. ಈಗ ಮೈಕಿನ ಮೈ, ಜಾಲರಿ, ಪೆಟ್ಟಿಗೆ, ಕವಚ, ರೇಡಿಯೊದ ಹೊರಮೈ ಎಲ್ಲ ಸೇರಿ ಒಂದೇ ಹೊದಿಕೆ. ಧ್ವನಿಯ ಎರಡು ತಂತಿ ಅದರೊಳಗೆ ಯಾವುದನ್ನೂ ಮುಟ್ಟದೆ ಸಾಗುತ್ತವೆ.

ಸೆರಾಮಿಕ್ ಕೆಪಾಸಿಟರ್ ಎರಡೂ ಪೆಟ್ಟಿಗೆಯೊಳಗೇ. ಒಂದು ಮೈಕ್ ತಂತಿಯಿಂದ ಮೈಕ್ ಗ್ರೌಂಡ್ ತಂತಿಗೆ, ಇನ್ನೊಂದು ಮೈಕ್ ಗ್ರೌಂಡ್ ತಂತಿಯಿಂದ ಪೆಟ್ಟಿಗೆಯ ಲೋಹಕ್ಕೆ. ಕಾಲುಗಳನ್ನು ಅರ್ಧ ಸೆಂಟಿಮೀಟರಿಗೆ ಕತ್ತರಿಸಿ. 1 ನ್ಯಾನೊಫ್ಯಾರಡ್ ಕೆಪಾಸಿಟರ್ 3 ಕಿಲೊಹರ್ಟ್ಸ್ ಧ್ವನಿಗೆ 53 ಕಿಲೊಓಮ್ ತಡೆ, ಅಂದರೆ ಇಲ್ಲವೆಂದೇ ಲೆಕ್ಕ. 7 ಮೆಗಾಹರ್ಟ್ಸ್‌ಗೆ ಅದೇ ಕೆಪಾಸಿಟರ್ ಬರೀ 23 ಓಮ್. ಹೊಕ್ಕ ರೇಡಿಯೊ ಪ್ರವಾಹ ಅಲ್ಲೇ ಪಕ್ಕಕ್ಕೆ ಸರಿದುಹೋಗುತ್ತದೆ.

ಪ್ಲಗ್ ಸೋಲ್ಡರ್ ಮಾಡುವಾಗ ಅವಸರ ಬೇಡ. ಒಳಗಿನ ಪ್ಲಾಸ್ಟಿಕ್ ಬಿಸಿಗೆ ಕರಗಿದರೆ ಪಿನ್ ವಾಲುತ್ತದೆ. ಒಂದು ಬಿಡಿ ಸಾಕೆಟ್ ತಂದು, ಪ್ಲಗ್ಗನ್ನು ಅದರಲ್ಲಿ ಕೂರಿಸಿಕೊಂಡು ಕೆಲಸ ಮಾಡಿದರೆ ಪಿನ್ನುಗಳು ನೆಟ್ಟಗಿರುತ್ತವೆ. ಇದಕ್ಕೆ ರೇಡಿಯೊದ ಸಾಕೆಟ್ಟನ್ನು ಬಳಸಬಾರದು. ಕೇಬಲ್ಲಿಗೆ ಪ್ಲಗ್ಗಿನ ಹಿಂದಿನ ಮುಚ್ಚಳವನ್ನು ಮೊದಲೇ ಏರಿಸಿಡಿ, ಎಲ್ಲ ಮುಗಿದ ಮೇಲೆ ಅದು ಮೇಜಿನ ಮೇಲೆ ಉಳಿದಿರುವುದು ಕಂಡರೆ ಮತ್ತೆ ಎಲ್ಲವನ್ನೂ ಬಿಚ್ಚಬೇಕು. ಪಿನ್ನಿಗೂ ತಂತಿಗೂ ಬೇರೆ ಬೇರೆಯಾಗಿ ಸೀಸ ಹಚ್ಚಿ, ಆಮೇಲೆ ಎರಡನ್ನೂ ತಾಗಿಸಿ ಎರಡು ಸೆಕೆಂಡ್ ಬಿಸಿ ಕೊಡಿ. ನಡುವಿನ ಪಿನ್ ಮೊದಲು, ಸುತ್ತಲಿನವು ನಂತರ. ಆಮ್ಲವಿರುವ ಪೇಸ್ಟ್ ಮುಟ್ಟಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಅದು ತಂತಿಯನ್ನು ಹಸಿರು ಕಿಲುಬು ಹಿಡಿಸಿ ತಿನ್ನುತ್ತದೆ.

ರೇಡಿಯೊಗೆ ಚುಚ್ಚುವ ಮುಂಚೆ

ಮೈಕ್ ಕಳಚಿಟ್ಟು ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟುಕೊಳ್ಳಿ. ಕ್ಯಾನನ್ 1ರಿಂದ ಪ್ಲಗ್ಗಿನ ಕವಚಕ್ಕೆ ಸದ್ದು ಬರಬೇಕು. 3ರಿಂದ ಮೈಕ್ ಗ್ರೌಂಡ್ ಪಿನ್ನಿಗೂ ಬರಬೇಕು. 2ರಿಂದ ಮೈಕ್ ಪಿನ್ನಿಗೆ ಬರಬಾರದು, ನಡುವೆ ಕೆಪಾಸಿಟರ್ ಇದೆ. 1ಕ್ಕೂ 3ಕ್ಕೂ ನಡುವೆ ಬಂದರೆ ಎಲ್ಲೋ ಜಾಲರಿಯ ಎಳೆಯೊಂದು ತಾಗಿದೆ, ಹುಡುಕಿ ತೆಗೆಯಿರಿ. ಪಿಟಿಟಿಯ ಎರಡು ಪಿನ್ನುಗಳ ನಡುವೆ ಫುಟ್ ಸ್ವಿಚ್ ತುಳಿದಾಗ ಮಾತ್ರ ಸದ್ದು. 8 ವೋಲ್ಟ್ ಪಿನ್ ಯಾವುದಕ್ಕೂ ತಾಗಿರಬಾರದು. ಈ ಕೊನೆಯದನ್ನು ಎರಡು ಸಲ ನೋಡಿ, ಕೇಬಲ್ಲನ್ನು ಅಲುಗಿಸುತ್ತ ನೋಡಿ.

ಮೊದಲ ಟ್ರಾನ್ಸ್‌ಮಿಟ್ 50 ಓಮ್ ಡಮ್ಮಿ ಲೋಡಿಗೆ (ಆಂಟೆನಾ ಬದಲು ಪವರನ್ನು ನುಂಗುವ ರೆಸಿಸ್ಟರ್), 10 ವ್ಯಾಟ್‌ನಲ್ಲಿ. ಸಣ್ಣ ಸದ್ದನ್ನೂ ಎತ್ತಿಕೊಡುವ ಸ್ಪೀಚ್ ಕಂಪ್ರೆಸರ್ ಆಫ್ ಇರಲಿ. ಬಾಯಿಯಿಂದ ನಾಲ್ಕು ಬೆರಳು ದೂರದಲ್ಲಿ ಮೈಕ್ ಇಟ್ಟು ನಿಮ್ಮ ಎಂದಿನ ದನಿಯಲ್ಲೇ ಕರೆಸಂಕೇತ ಹೇಳುತ್ತ ಮೈಕ್ ಗೇನ್ ಏರಿಸಿ. ಎಎಲ್‌ಸಿ (ಧ್ವನಿ ಮಿತಿ ಮೀರದಂತೆ ತಡೆಯುವ ವ್ಯವಸ್ಥೆ) ಮುಳ್ಳು ಜೋರು ಮಾತಿಗೂ ಗುರುತಿನ ಪಟ್ಟಿಯೊಳಗೇ ಆಡುತ್ತಿರಬೇಕು, ಆಚೆ ಹಾರಬಾರದು. ಇಷ್ಟಾದ ಮೇಲೆ ಕಂಪ್ರೆಸರ್ ಬೇಕಿದ್ದರೆ ಸ್ವಲ್ಪ ಕೊಡಿ. ಹಿನ್ನೆಲೆಯ ಫ್ಯಾನ್ ಸದ್ದು ಎದುರಿನವರಿಗೆ ಕೇಳತೊಡಗಿದರೆ ಅದು ಹೆಚ್ಚಾಯಿತೆಂದು ಲೆಕ್ಕ.

ವೇದಿಕೆಯ ಮೈಕ್‌ಗಳು ಬಾಯಿಗೆ ಹತ್ತಿರವಾದಷ್ಟೂ ದಪ್ಪ ಸ್ವರವನ್ನು ಉಬ್ಬಿಸುತ್ತವೆ. ಕೋಣೆಯಲ್ಲಿ ಕೇಳಲು ಹಿತ, ಆದರೆ ಎಸ್‌ಎಸ್‌ಬಿಯಲ್ಲಿ ಆ ದಪ್ಪ ಸ್ವರ ಪವರನ್ನು ತಿಂದುಹಾಕುತ್ತದೆ. ದೂರದವರಿಗೆ ಮಾತು ಅರ್ಥವಾಗಿಸುವ ವ್ಯಂಜನಗಳಿಗೆ ಏನೂ ಉಳಿಯುವುದಿಲ್ಲ. 1 ಮೈಕ್ರೊಫ್ಯಾರಡ್ ಕೆಪಾಸಿಟರ್ ಇಲ್ಲಿ ಎರಡನೆಯ ಕೆಲಸ ಮಾಡುತ್ತದೆ. ಮೈಕ್ 300 ಓಮ್, ರೇಡಿಯೊದ ಇನ್‌ಪುಟ್ 600 ಓಮ್ ಎಂದಿಟ್ಟುಕೊಂಡರೆ ಅದು ಸುಮಾರು 180 ಹರ್ಟ್ಸ್‌ಗಿಂತ ಕೆಳಗಿನದನ್ನು ಇಳಿಸುತ್ತದೆ. 0.47 ಹಾಕಿದರೆ ಸುಮಾರು 375 ಹರ್ಟ್ಸ್‌ನಿಂದ. 40 ಮೀಟರ್ (7 ಮೆಗಾಹರ್ಟ್ಸ್) ಬ್ಯಾಂಡಿನಲ್ಲಿ ರಾಜ್ಯದೊಳಗಿನ ಹರಟೆಗೆ 1 ಚೆನ್ನ. ವಿದೇಶದ ಸಣ್ಣ ಸಿಗ್ನಲ್ ಬೆನ್ನಟ್ಟುವವರಿಗೆ 0.47 ಚೆನ್ನ. ಐಕಾಮ್‌ನ ಐಸಿ-7300ರಂಥ ರೇಡಿಯೊದಲ್ಲಿ ಇದೇ ಕೆಲಸಕ್ಕೆ ಟ್ರಾನ್ಸ್‌ಮಿಟ್ ಬ್ಯಾಂಡ್‌ವಿಡ್ತ್ ಸೆಟ್ಟಿಂಗ್ ಇದೆ: ವೈಡ್ 100ರಿಂದ 2900, ಮಿಡ್ 300ರಿಂದ 2700 ಹರ್ಟ್ಸ್. ಮಿಡ್‌ನಿಂದ ಶುರುಮಾಡಿ.

ಧ್ವನಿ ಸಾಲದಿದ್ದರೆ

ಡೈನಾಮಿಕ್ ಮೈಕ್ ಕೊಡುವುದು ಕೆಲವೇ ಮಿಲಿವೋಲ್ಟ್. ಎಲೆಕ್ಟ್ರೆಟ್‌ಗೆಂದು ಮಾಡಿದ ರೇಡಿಯೊದಲ್ಲಿ ಗೇನ್ ಪೂರ್ತಿ ಏರಿಸಿದರೂ ಸಾಲದೆ ಹೋಗಬಹುದು. ಆಗ ಪೆಟ್ಟಿಗೆಯೊಳಗೇ ಒಂದು ಬಿಸಿ549 ಟ್ರಾನ್ಸಿಸ್ಟರ್ ಕೂರಿಸಿ. ರೇಡಿಯೊದ 8 ವೋಲ್ಟ್ 1 ಕಿಲೊಓಮ್ ಮೂಲಕ ಬರಲಿ, ಅಲ್ಲಿಂದ ಮೈಕ್ ಗ್ರೌಂಡಿಗೆ 100 ಮೈಕ್ರೊಫ್ಯಾರಡ್. ಕಲೆಕ್ಟರ್‌ಗೆ 4.7 ಕಿಲೊಓಮ್, ಕಲೆಕ್ಟರ್‌ನಿಂದ ಬೇಸಿಗೆ 1 ಮೆಗಾಓಮ್, ಎಮಿಟರ್‌ನಿಂದ ಮೈಕ್ ಗ್ರೌಂಡಿಗೆ 100 ಓಮ್. ಕ್ಯಾನನ್ 2ರಿಂದ ಬೇಸಿಗೆ 1 ಮೈಕ್ರೊಫ್ಯಾರಡ್, ಕಲೆಕ್ಟರ್‌ನಿಂದ ರೇಡಿಯೊಗೆ ಇನ್ನೊಂದು 1 ಮೈಕ್ರೊಫ್ಯಾರಡ್, ಎರಡೂ ಪಾಲಿಯೆಸ್ಟರ್. ಬೇಸಿನಿಂದ ಎಮಿಟರ್‌ಗೆ 470 ಪಿಕೊಫ್ಯಾರಡ್ ಮರೆಯಬೇಡಿ, ಅದಿಲ್ಲದಿದ್ದರೆ ಟ್ರಾನ್ಸಿಸ್ಟರ್ ನಿಮ್ಮದೇ ಟ್ರಾನ್ಸ್‌ಮಿಷನ್ನನ್ನು ಹಿಡಿದು ಹಾಡುತ್ತದೆ. ಕಲೆಕ್ಟರ್‌ನಲ್ಲಿ 2.5ರಿಂದ 4.5 ವೋಲ್ಟ್ ಕಂಡರೆ ಸರಿ. 600 ಓಮ್ ಇನ್‌ಪುಟ್ಟಿಗೆ ಧ್ವನಿ ಸುಮಾರು ನಾಲ್ಕು ಪಟ್ಟು ಏರುತ್ತದೆ. ಎಳೆಯುವುದು 1 ಮಿಲಿಆಂಪಿಯರಿನ ಆಸುಪಾಸು. ಐಕಾಮ್‌ನ ಆ ಪಿನ್ 10ರವರೆಗೆ ಕೊಡಬಲ್ಲದು.

ಸ್ಟುಡಿಯೊದ ಕಂಡೆನ್ಸರ್ ಮೈಕ್ ಇದ್ದರೆ ಈ ಪೆಟ್ಟಿಗೆ ಸಾಲದು. ಅದಕ್ಕೆ 48 ವೋಲ್ಟ್ ಬೇಕು, ಮಿಕ್ಸರ್ ಬೇಕು. ಮಿಕ್ಸರಿನಿಂದ ಹೊರಬರುವ ಧ್ವನಿ ಮೈಕ್ ಮಟ್ಟಕ್ಕಿಂತ ನೂರು ಪಟ್ಟಿನ ಹತ್ತಿರ ದೊಡ್ಡದು. 10 ಕಿಲೊಓಮ್ ಸರಣಿಯಲ್ಲಿ, 100 ಓಮ್ ಅಡ್ಡಕ್ಕೆ ಹಾಕಿ 40 ಡಿಬಿ ಇಳಿಸಿ, ಜೊತೆಗೆ 600:600 ಆಡಿಯೊ ಟ್ರಾನ್ಸ್‌ಫಾರ್ಮರ್ ಹಾಕಿ. ಟ್ರಾನ್ಸ್‌ಫಾರ್ಮರ್ ಇಲ್ಲದಿದ್ದರೆ ಮಿಕ್ಸರಿನ ಅರ್ಥಿಂಗೂ ರೇಡಿಯೊದ ಅರ್ಥಿಂಗೂ ಸೇರಿ ಸುತ್ತು ಹಾಕಿ ಗುಂಯ್ ಎನ್ನುತ್ತವೆ.

ಏನು ಕೆಟ್ಟಿದೆ, ಯಾಕೆ

ಡಮ್ಮಿ ಲೋಡಿನಲ್ಲಿ ಸ್ವಚ್ಛ, ಆಂಟೆನಾ ಹಾಕಿದೊಡನೆ ಒಡಕು: ಇದು ರೇಡಿಯೊ ಪ್ರವಾಹ ಮೈಕ್ ತಂತಿಗೆ ನುಗ್ಗಿದ್ದು. ಪವರ್ ಇಳಿಸಿದರೆ ಕಡಿಮೆಯಾಗುತ್ತದೆ, ಒಂದು ಬ್ಯಾಂಡಿನಲ್ಲಿದ್ದು ಇನ್ನೊಂದರಲ್ಲಿ ಇರುವುದಿಲ್ಲ. ಅಡಿಕೆ ಮರದಿಂದ ಮರಕ್ಕೆ ಕಟ್ಟಿದ ಎಂಡ್‌ಫೆಡ್ (ಒಂದು ತುದಿಯಿಂದಷ್ಟೇ ಪವರ್ ಕೊಡುವ) ಆಂಟೆನಾ ತಂತಿ ನೇರ ಕಿಟಕಿಯೊಳಗೆ ಬರುವ ಮನೆಗಳಲ್ಲಿ ಇದು ತೀರಾ ಹೆಚ್ಚು, ಯಾಕೆಂದರೆ ಕೋಆ್ಯಕ್ಸಿನ (ರೇಡಿಯೊದಿಂದ ಆಂಟೆನಾಗೆ ಹೋಗುವ ಕೇಬಲ್ಲಿನ) ಹೊರಮೈಯೇ ಆಂಟೆನಾದ ಇನ್ನೊಂದು ಅರ್ಧವಾಗಿಬಿಟ್ಟಿರುತ್ತದೆ. ಮೊದಲ ಚಿಕಿತ್ಸೆ ಅಲ್ಲಿಗೇ ಆಗಬೇಕು: ಆಂಟೆನಾಗೆ ಕೌಂಟರ್‌ಪಾಯ್ಸ್ (ಆ ಇನ್ನೊಂದು ಅರ್ಧದ ಕೆಲಸ ಮಾಡುವ) ತಂತಿ ಕೊಡಿ, ಕೋಆ್ಯಕ್ಸನ್ನು ಫೆರೈಟ್ ಬಳೆಗೆ ಸುತ್ತಿ. ಮೈಕ್ ಕೇಬಲ್ಲಿಗೆ ಎರಡನೆಯ ಸರದಿ. 31 ಮಿಕ್ಸ್ ಎಂದು ಮಾರುವ ದೊಡ್ಡ ಬಳೆಗೆ ಪೆಟ್ಟಿಗೆಯ ಪಕ್ಕದಲ್ಲೇ ಆರು ಸುತ್ತು ಹಾಕಿ. ತಡೆ ಸುತ್ತಿನ ವರ್ಗದಂತೆ ಏರುತ್ತದೆ, ಆರು ಸುತ್ತೆಂದರೆ ಒಂದು ಸುತ್ತಿನ 36 ಪಟ್ಟು. ಹಳೆಯ ಮಾನಿಟರ್ ಕೇಬಲ್ಲಿನಿಂದ ಕಿತ್ತ ಫೆರೈಟ್ ಗುಂಡನ್ನು ಒಂದೇ ಸಲ ತೂರಿಸಿದರೆ 7 ಮೆಗಾಹರ್ಟ್ಸ್‌ನಲ್ಲಿ ಏನೂ ಆಗುವುದಿಲ್ಲ. ಕಂಪ್ಯೂಟರ್ ಪವರ್ ಸಪ್ಲೈಯ ಹಳದಿ-ಬಿಳಿ ಬಳೆ ಕಬ್ಬಿಣದ ಪುಡಿಯದು, ಅದು ಈ ಕೆಲಸಕ್ಕೆ ಬಾರದು.

ತುಟಿಗೆ ಮೈಕಿನ ಜಾಲರಿ ತಾಗಿದಾಗ ಜುಮ್ ಎಂದರೆ ಉದಾಸೀನ ಮಾಡಬೇಡಿ. ಎರಡು ಬಗೆ ಇದೆ. ಮಾತಾಡುವಾಗ ಮಾತ್ರ ಆದರೆ ರೇಡಿಯೊ ಪ್ರವಾಹ. ಮೇಲಿನ ಚಿಕಿತ್ಸೆಯೇ ಇದಕ್ಕೂ. ರೇಡಿಯೊ ಬರೀ ಆನ್ ಇದ್ದಾಗಲೂ ಆದರೆ ಅದು ಮನೆಯ ಕರೆಂಟು. ಅರ್ಥಿಂಗ್ ಇಲ್ಲದ ಎರಡು ಪಿನ್ನಿನ ಪ್ಲಗ್ಗಿಗೋ, ಇನ್ವರ್ಟರಿನ ಎಳೆಗೋ ಎಸ್‌ಎಂಪಿಎಸ್ (ರೇಡಿಯೊದ ಸ್ವಿಚಿಂಗ್ ಪವರ್ ಸಪ್ಲೈ) ಸಿಕ್ಕಿಸಿದಾಗ ಅದರ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಹೊರಮೈಯನ್ನು ಸುಮಾರು 115 ವೋಲ್ಟ್‌ನ ಹತ್ತಿರ ತೇಲಿಸುತ್ತವೆ. ಪ್ರವಾಹ ಅತಿ ಕಡಿಮೆ, ಆದರೆ ಆಷಾಢದಲ್ಲಿ ಬೆವತ ಸಿಮೆಂಟ್ ನೆಲದ ಮೇಲೆ ಬರಿಗಾಲಲ್ಲಿ ಕೂತಾಗ ಚೆನ್ನಾಗಿ ಗೊತ್ತಾಗುತ್ತದೆ. ನಾವು ಮಾಡಿದ ಹೊದಿಕೆ ಮೈಕಿನ ಮೈಯನ್ನು ರೇಡಿಯೊದ ಮೈಗೆ ಕೂಡಿಸಿರುವುದರಿಂದ ಅದು ತುಟಿಯವರೆಗೂ ಬರುತ್ತದೆ. 1ನೇ ಪಿನ್ ಕತ್ತರಿಸುವುದು ಪರಿಹಾರವಲ್ಲ. ಪವರ್ ಸಪ್ಲೈಯನ್ನು ಸರಿಯಾದ ಮೂರು ಪಿನ್ನಿನ ಪ್ಲಗ್ಗಿಗೆ ಹಾಕಿ, ಅರ್ಥಿಂಗ್ ಗುಂಡಿಯನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಅಲ್ಲಿಯವರೆಗೆ 12 ವೋಲ್ಟ್ ಬ್ಯಾಟರಿಯಲ್ಲಿ ನಡೆಸಿ.

ಬ್ಯಾಟರಿಯಲ್ಲಿ ನಡೆಸಿದಾಗ ಗುಂಯ್ ಸದ್ದು ನಿಂತರೆ ಅದರ ಮೂಲವೂ ಪವರ್ ಸಪ್ಲೈ ಅಥವಾ ಇನ್ವರ್ಟರ್. ಆಗಲೂ ನಿಲ್ಲದೆ, ಮೈಕನ್ನು ಮೇಜಿನ ಮೇಲೆ ಆಚೀಚೆ ಸರಿಸಿದಾಗ ಏರಿಳಿದರೆ ಹತ್ತಿರದ ಯಾವುದೋ ಟ್ರಾನ್ಸ್‌ಫಾರ್ಮರನ್ನು ಮೈಕಿನ ಸುರುಳಿಯೇ ಹಿಡಿಯುತ್ತಿದೆ. ಅರ್ಧ ಮೀಟರ್ ದೂರ ಸರಿಸಿದರೆ ಸಾಕು.

ವಾಕ್ಸ್ (ಸದ್ದು ಕೇಳಿದೊಡನೆ ತಾನಾಗಿ ಟ್ರಾನ್ಸ್‌ಮಿಟ್ ಆಗುವ ಸೌಲಭ್ಯ) ಬಳಸುವ ಆಸೆಯಿದ್ದರೆ ಬೇಸಿಗೆಯಲ್ಲಿ ಬಳಸಿ. ತಗಡಿನ ಮಾಡಿನ ಮೇಲೆ ಆಗುಂಬೆ ಕಡೆಯ ಮಳೆ ಸುರಿಯುವಾಗ ರೇಡಿಯೊ ತಾನಾಗಿ ಟ್ರಾನ್ಸ್‌ಮಿಟ್‌ಗೆ ಹೋಗಿ ಬ್ಯಾಂಡ್ ತುಂಬ ಮಳೆ ಕೇಳಿಸುತ್ತದೆ. ಫುಟ್ ಸ್ವಿಚ್ ಇದಕ್ಕೇ ಬೇಕೆಂದದ್ದು. ಈ ಮೈಕ್‌ಗಳು ಬೆನ್ನ ಕಡೆಯ ಸದ್ದನ್ನು ಕಡಿಮೆ ಹಿಡಿಯುತ್ತವೆ. ಅಂಗಳದಲ್ಲಿ ಅಡಿಕೆ ಸುಲಿಯುವ ಯಂತ್ರ ಓಡುತ್ತಿದ್ದರೆ ಮೈಕಿನ ಬಾಲ ಅತ್ತ ಇರುವಂತೆ ಕೂತುಕೊಳ್ಳಿ. ಕೆಲವು ಹಾಡುಗಾರರಂತೆ ಜಾಲರಿಯ ಗುಂಡನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದರೆ ಹಿಂಬದಿಯ ಗಾಳಿಕಿಂಡಿ ಮುಚ್ಚಿ ಈ ಗುಣ ಹೊರಟುಹೋಗುತ್ತದೆ.

ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮೈಕನ್ನು ಸ್ಟ್ಯಾಂಡಿನಲ್ಲೇ ಬಿಡಬೇಡಿ. ಜಾಲರಿಯೊಳಗಿನ ಸ್ಪಂಜಿಗೆ ಬೂಸ್ಟು ಹಿಡಿದರೆ ಧ್ವನಿ ಮಂಕಾಗುತ್ತದೆ, ಮೈಕ್ ಹಳತಾಯಿತೆಂದು ಅನ್ನಿಸುತ್ತದೆ. ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಹರಳಿನ ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿದರೆ ಮತ್ತೆ ಒಣಗುತ್ತದೆ. ಸ್ಪಂಜು ಆಗಲೇ ಬೂಸ್ಟು ಹಿಡಿದಿದ್ದರೆ ಗುಂಡನ್ನು ತಿರುಗಿಸಿ ಬಿಚ್ಚಿ, ಸ್ಪಂಜನ್ನು ಸೋಪಿನ ನೀರಲ್ಲಿ ತೊಳೆದು ಎರಡು ದಿನ ನೆರಳಲ್ಲಿ ಒಣಗಿಸಿ. ಮಳೆ ನಿಂತು ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಪ್ಲಗ್ ಮತ್ತು ಪೆಟ್ಟಿಗೆಯನ್ನು ಒಮ್ಮೆ ಬಿಚ್ಚಿ ಪಿನ್ನುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ. 1ನೇ ಪಿನ್ ಪೆಟ್ಟಿಗೆಗೆ ತಾಗುವ ಸ್ಕ್ರೂವನ್ನು ಆಗಲೇ ಬಿಗಿ ಮಾಡಿ, ಮೊದಲು ಕಿಲುಬು ಕಾಣುವುದು ಅಲ್ಲೇ.